ಚಂದ್ರಗಿರಿಯ ಆಚೆ ಈಚೆ: ಇಬ್ಬರು ತರುಣ ಮಿಷನರಿಗಳು

ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಯ ವಿಷಯವಾಗಿ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ನನ್ನ ಮನಸ್ಸು ಶಾಲೆಯ ನೂರು ವರ್ಷಗಳಿಗೂ ಹಿಂದಕ್ಕೆ ಹೋಯಿತು. ಈ ಶಾಲೆಯಲ್ಲಿ ಮೊದಲು ವಿದ್ಯಾರ್ಥಿಯಾಗಿ, ಬಳಿಕ ಅಧ್ಯಾಪಕನಾಗಿ ಕಳೆದ ವರ್ಷಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆಯೊಂದಿದೆ: ಒಂದು ಭಾಷೆ ಯಾರದು? ಅದರಲ್ಲಿ ಹುಟ್ಟಿದವರದೋ, ಕಷ್ಟಪಟ್ಟು ಅದನ್ನು ಕಲಿತವರದೋ? ಗಡಿನಾಡಿನಲ್ಲಿ ಇದು ಪಂಡಿತರ ಚರ್ಚೆಗೆ ಬಿಟ್ಟ ಪ್ರಶ್ನೆಯಲ್ಲ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮಗುವಿನ ಕೈ ಹಿಡಿದು ಬರುವ ತಂದೆ ತಾಯಿಯರು ಬೇರೆ ಮಾತುಗಳಲ್ಲಿ ಇದನ್ನೇ ಕೇಳುತ್ತಾರೆ. ಉತ್ತರಕ್ಕಾಗಿ ನಾನು ಆಶ್ರಯಿಸಿದ್ದು ಸುಮಾರು 190 ವರ್ಷಗಳ ಹಿಂದೆ ನಮ್ಮ ಕರಾವಳಿಗೆ ಬಂದ ಇಬ್ಬರು ಪರದೇಶಿ ತರುಣರ ಜೀವನವನ್ನು.

ಒಬ್ಬರು ಹೆರ್ಮನ್ ಮೋಗ್ಲಿಂಗ್, 1811ರಲ್ಲಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ ಜನಿಸಿದವರು. ಇನ್ನೊಬ್ಬರು ಹೆರ್ಮನ್ ಗುಂಡರ್ಟ್, ಅದೇ ಸೀಮೆಯ ಸ್ಟುಟ್‌ಗಾರ್ಟ್ ನಗರದಲ್ಲಿ 1814ರಲ್ಲಿ ಜನಿಸಿದವರು. ಹೆಸರೂ ಒಂದೇ, ಸೀಮೆಯೂ ಒಂದೇ, ದೇವಜ್ಞಾನವನ್ನು ಅಭ್ಯಾಸ ಮಾಡಿದ ಟ್ಯೂಬಿಂಗನ್ ವಿಶ್ವವಿದ್ಯಾಲಯವೂ ಒಂದೇ. ಇಬ್ಬರೂ ಭಾರತಕ್ಕೆ ಬಂದದ್ದು 1836ರಲ್ಲಿ, ಬೇರೆ ಬೇರೆ ದಾರಿಗಳಲ್ಲಿ. ಮೋಗ್ಲಿಂಗರನ್ನು ಮಂಗಳೂರಿಗೆ ಕಳುಹಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. ಗುಂಡರ್ಟರು ಮದರಾಸಿನಲ್ಲಿ ಇಳಿದು, ತಮಿಳು ಸೀಮೆಯಲ್ಲಿ ಎರಡು ವರ್ಷ ಕಳೆದು, 1838ರಲ್ಲಿ ಅದೇ ಮಿಷನ್ನನ್ನು ಸೇರಿ, ಮರುವರ್ಷ ತಲಶೇರಿಯಲ್ಲಿ ನೆಲಸಿದರು. ಮೋಗ್ಲಿಂಗರ ಪಾಲಿಗೆ ಕನ್ನಡ ಬಂತು, ಗುಂಡರ್ಟರ ಪಾಲಿಗೆ ಮಲಯಾಳ. ಮಂಗಳೂರಿಗೂ ತಲಶೇರಿಗೂ ನಡುವೆ, ಅಂದು ಕೆನರಾ ಜಿಲ್ಲೆಯ ತೆಂಕಣ ಅಂಚಿನಲ್ಲಿದ್ದುದು ನಮ್ಮ ನಾಡು. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳು ಹರಿಯುವ ಕಾಸರಗೋಡು.

ಬಾಸೆಲ್ ಮಿಷನ್ನಿನ ಮೊದಲ ಮೂವರು, ಅಂದರೆ ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರನ್ನು ತಲುಪಿದ್ದು 1834ರ ಅಕ್ಟೋಬರಿನಲ್ಲಿ. ಆ ಕಾಲದಲ್ಲಿ ಹೀಗೆ ಹೊರಟು ಬರುವುದೆಂದರೇನು ಎಂಬುದನ್ನು ಇಂದಿನ ಮಕ್ಕಳು ಊಹಿಸಿಕೊಳ್ಳುವುದು ಕಷ್ಟ. ಹಡಗಿನ ಪ್ರಯಾಣಕ್ಕೆ ತಿಂಗಳುಗಳು ಬೇಕು. ಮನೆಗೆ ಬರೆದ ಪತ್ರ ತಲುಪಲು ತಿಂಗಳುಗಳು, ಮರುತ್ತರಕ್ಕೆ ಮತ್ತೆ ಅಷ್ಟೇ. ತಾಯಿ ಸೌಖ್ಯವೆಂಬ ಸುದ್ದಿಯನ್ನು ಓದುವ ಹೊತ್ತಿಗೆ ಆಕೆ ಬದುಕಿದ್ದಾಳೆಂಬ ಭರವಸೆಯಿಲ್ಲ. ಮದುವೆಯಾಗಬೇಕಾದರೆ ಬಾಸೆಲಿನ ಆಡಳಿತ ಸಮಿತಿಯ ಅನುಮತಿ ಬೇಕು. ಜ್ವರ, ಆಮಶಂಕೆ, ಕಾಲರಾಗಳ ಭಯ ಸದಾ ಇತ್ತು. ಮೋಗ್ಲಿಂಗರ ಆಪ್ತ ಸಹೋದ್ಯೋಗಿ, ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ಈ ನೆಲದಲ್ಲಿಯೇ ತೀರಿಕೊಂಡರು. ಅವರ ವಿಧವೆ ಪೌಲೀನೆಯವರನ್ನು ಮೋಗ್ಲಿಂಗರು ಮದುವೆಯಾಗಿ, ಗೆಳೆಯನ ನಾಲ್ವರು ಮಕ್ಕಳಿಗೆ ತಂದೆಯಾದರು.

ಮಕ್ಕಳ ಅಗಲಿಕೆಯಂತೂ ಇನ್ನೂ ಕಠಿಣ. ಓದುವ ವಯಸ್ಸು ಬಂದೊಡನೆ ಮಿಷನರಿಗಳ ಮಕ್ಕಳನ್ನು ಯುರೋಪಿಗೆ ಕಳುಹಿಸುವುದು ವಾಡಿಕೆಯಾಗಿತ್ತು. ಗುಂಡರ್ಟ್ ದಂಪತಿಗಳಿಗೆ 1842ರಲ್ಲಿ ತಲಶೇರಿಯಲ್ಲಿ ಹುಟ್ಟಿದ ಮಗಳು ಮರಿಯಾ ತನ್ನ ಬಾಲ್ಯದ ಬಹುಭಾಗವನ್ನು ತಂದೆ ತಾಯಿಯರಿಂದ ಸಾವಿರಾರು ಮೈಲಿ ದೂರದಲ್ಲಿ ಕಳೆದಳು. ಊರಿನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಶಾಲೆ ತೆರೆದ ತಾಯಿ ಜೂಲಿಗೆ ತನ್ನ ಮಗಳು ಅಕ್ಷರ ತಿದ್ದುವುದನ್ನು ನೋಡುವ ಭಾಗ್ಯವಿರಲಿಲ್ಲ. ಇದೇ ಮರಿಯಾಳ ಮಗ ಮುಂದೆ ಜಗತ್ಪ್ರಸಿದ್ಧ ಕಾದಂಬರಿಕಾರನಾದ ಹೆರ್ಮನ್ ಹೆಸ್ಸೆ.

ಇಂತಹ ಬಾಳನ್ನು ಸಹಿಸುವ ಬಲವನ್ನು ಅವರಿಗೆ ಕೊಟ್ಟದ್ದು ಅವರ ನಂಬಿಕೆ. ಪ್ರಾರ್ಥನೆಯಿಂದ ಆರಂಭವಾದ ದಿನ ಪ್ರಾರ್ಥನೆಯಿಂದಲೇ ಮುಗಿಯುತ್ತಿತ್ತು. ಆ ಎರಡು ಪ್ರಾರ್ಥನೆಗಳ ನಡುವಣ ಹೊತ್ತನ್ನು ತುಂಬಿದ್ದು ಮುಖ್ಯವಾಗಿ ಭಾಷೆ. ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ತಮ್ಮ ದೇವರ ಮಾತನ್ನು ಸಾರಬೇಕೆಂದು ಬಂದವರು ಅವರು. ಆದರೆ ಬಾಯಿ ತೆರೆಯುವ ಮೊದಲು ಮುನ್ಷಿಯ ಮುಂದೆ ಕುಳಿತು ಅ ಆ ಇ ಈ ತಿದ್ದಬೇಕಾಯಿತು. ಗ್ರೀಕ್, ಹೀಬ್ರೂ, ಲ್ಯಾಟಿನ್ ಬಲ್ಲ ವಿಶ್ವವಿದ್ಯಾಲಯದ ಪದವೀಧರನಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ನಾಲಗೆಗೆ ಹತ್ತುವವರೆಗೆ ಬೀದಿಯ ಮಗುವೂ ಗುರುವೇ. ಬೋಧಿಸಲು ಬಂದವನು ಮೊದಲು ಶಿಷ್ಯನಾಗಬೇಕು. ಈ ವಿನಯವನ್ನು ಬಾಸೆಲಿನ ಪಾಠಶಾಲೆ ಅವರಿಗೆ ಎಷ್ಟು ಕಲಿಸಿತ್ತೋ ಅರಿಯೆ. ನಮ್ಮ ವರ್ಣಮಾಲೆಯಂತೂ ಕಲಿಸಿತೆಂಬುದರಲ್ಲಿ ನನಗೆ ಸಂಶಯವಿಲ್ಲ.

ಮೋಗ್ಲಿಂಗರು ಧಾರವಾಡದ ಕಡೆ ಕೆಲಕಾಲವಿದ್ದು ಮಂಗಳೂರಿಗೆ ಮರಳಿ, 1840ರಲ್ಲಿ ಹುಡುಗರಿಗಾಗಿ ವಸತಿಶಾಲೆಯೊಂದನ್ನು ಆರಂಭಿಸಿದರು. ಸಾಹೇಬರಂತೆ ಬೇರೆ ಬಂಗಲೆಯಲ್ಲಿರದೆ ವಿದ್ಯಾರ್ಥಿಗಳ ಜೊತೆಗೇ ಸರಳವಾಗಿ ಬಾಳುವುದು ಅವರ ಹಂಬಲವಾಗಿತ್ತು. 1843ರ ಜುಲೈ 1ರಂದು ಅವರು ಹೊರತಂದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಮುದ್ರಿತವಾದ ಆ ಪಾಕ್ಷಿಕದಲ್ಲಿ ಊರ ವರ್ತಮಾನ, ಸರಕಾರದ ನಿರೂಪ, ಪರಸ್ಥಳದ ಸುದ್ದಿ, ಕಥೆ ಎಲ್ಲವೂ ಇದ್ದವು. ನಾಲ್ಕು ವರ್ಷಗಳ ಬಳಿಕ ತಲಶೇರಿಯಲ್ಲಿ ಗುಂಡರ್ಟರು ‘ರಾಜ್ಯಸಮಾಚಾರಂ’ ಎಂಬ ಮಲಯಾಳ ಪತ್ರಿಕೆಯನ್ನು ಹೊರತಂದರು. ಇದರ ನಡುವೆ ತುಳುವನ್ನು ಯಾರೂ ಮರೆಯಲಿಲ್ಲ. ಗ್ರೈನರ್ ಮತ್ತು ಅಮ್ಮನ್ ಎಂಬವರ ತುಳು ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳುವುದು ಇತಿಹಾಸಕ್ಕೆ ಸಲ್ಲಿಸಬೇಕಾದ ಗೌರವ. ಈ ತರುಣರು ಬಂದದ್ದು ಮತಾಂತರಕ್ಕಾಗಿ. ನಮ್ಮ ಪೂರ್ವಜರ ಪೂಜೆ, ದೈವಾರಾಧನೆಗಳು ಅವರ ದೃಷ್ಟಿಯಲ್ಲಿ ಕತ್ತಲೆಯಾಗಿದ್ದವು. ಅವರ ಕರಪತ್ರಗಳಲ್ಲಿ ನೋಯಿಸುವ ಮಾತುಗಳುಂಟು. 1844ರ ಆರಂಭದಲ್ಲಿ ಆನಂದರಾಯ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ಮೋಗ್ಲಿಂಗರಿಂದ ಕ್ರೈಸ್ತ ದೀಕ್ಷೆ ಪಡೆದಾಗ ಮಂಗಳೂರು ಪೇಟೆಯೇ ಕುದಿಯಿತು. ಮಗನನ್ನು ಕಳೆದುಕೊಂಡೆವೆಂದು ಭಾವಿಸಿದ ಒಂದು ಕುಟುಂಬದ ದುಃಖವನ್ನು ಹಗುರವಾಗಿ ಕಾಣಲಾಗದು. ಆತ್ಮಸಾಕ್ಷಿಯ ಕರೆಗೆ ಓಗೊಟ್ಟೆನೆಂದು ನಂಬಿದ ಆ ತರುಣನ ಧೈರ್ಯವನ್ನೂ ಹಗುರವಾಗಿ ಕಾಣಲಾಗದು. ಕೌಂಡಿನ್ಯರು ಬಾಸೆಲಿಗೆ ಹೋಗಿ ವ್ಯಾಸಂಗ ಮಾಡಿ, ತಾವೂ ಮಿಷನರಿಯಾಗಿ ಮರಳಿ ಬಂದರು. ಪರದೇಶದಲ್ಲಿ ಒಂಟಿಯಾಗಿ, ಅನ್ಯ ಭಾಷೆಯ ನಡುವೆ ಬಾಳುವ ಕಷ್ಟವನ್ನು ಹೀಗೆ ನಮ್ಮ ಕರಾವಳಿಯವರೊಬ್ಬರೂ ಉಂಡರು.

ಆದರೆ ಭಾಷೆಯ ಕಲಿಕೆ ಕಲಿಯುವವನನ್ನು ಹೊರಟ ಗುರಿಯಲ್ಲೇ ನಿಲ್ಲಿಸುವುದಿಲ್ಲ. ಕನ್ನಡವನ್ನು ಚೆನ್ನಾಗಿ ಆಡಬೇಕಾದರೆ ಕನ್ನಡಿಗರು ಹಾಡುವುದನ್ನು, ಓದುವುದನ್ನು ತಿಳಿಯಬೇಕು. ಮೋಗ್ಲಿಂಗರು ತಾಳೆಗರಿಗಳತ್ತ ತಿರುಗಿದರು. ನೀಲಗಿರಿಯ ಕೇತಿಯಲ್ಲಿ ನೆಲಸಿದ್ದ ನಿವೃತ್ತ ನ್ಯಾಯಾಧೀಶ ಕಾಸಮೇಜರರ ಧನಸಹಾಯದಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ ಹೊರಟಿತು. 1848ರಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ, 1850ರಲ್ಲಿ ದಾಸರ ಪದಗಳು, ಬಸವ ಪುರಾಣ ಮೊದಲಾದ ಕೃತಿಗಳು ಆ ಮಾಲೆಯಲ್ಲಿ ಅಚ್ಚಿನ ಬೆಳಕು ಕಂಡವು. ಹರಿಯ ಸ್ತುತಿಯನ್ನೂ ಶಿವಶರಣರ ಕಥೆಯನ್ನೂ ಏಸುವಿನ ಸೇವಕನೊಬ್ಬ ಅಕ್ಷರ ಅಕ್ಷರವಾಗಿ ತಿದ್ದಿ ಅಚ್ಚಿಗೆ ಕಳುಹಿಸುವ ಆ ದೃಶ್ಯವನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಅದರಿಂದ ಅವರ ನಂಬಿಕೆ ಬದಲಾಗಲಿಲ್ಲ. ಆದರೆ ಅನ್ಯರ ಭಕ್ತಿಯ ಮುಂದೆ ಎಚ್ಚರದಿಂದ, ಶ್ರದ್ಧೆಯಿಂದ ಕುಳಿತುಕೊಳ್ಳುವ ಅಭ್ಯಾಸವನ್ನು ಭಾಷೆ ಅವರಿಗೆ ಮಾಡಿಸಿತು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಗುಂಡರ್ಟರ ದಾರಿಯೂ ಹೀಗೆಯೇ. 1851ರಲ್ಲಿ ಅವರ ಮಲಯಾಳ ವ್ಯಾಕರಣ ಪ್ರಕಟವಾಯಿತು. ಆರೋಗ್ಯ ಕೆಟ್ಟು 1859ರಲ್ಲಿ ಯುರೋಪಿಗೆ ಮರಳಿದ ಮೇಲೂ ಕೆಲಸ ಬಿಡಲಿಲ್ಲ. ಜರ್ಮನಿಯ ಕಾಲ್ವ್ ಎಂಬ ಊರಿನಲ್ಲಿ ಕುಳಿತು ಮಲಯಾಳ ನಿಘಂಟನ್ನು ಪೂರೈಸಿದರು. ಅದು ಮಂಗಳೂರಿನಲ್ಲಿ 1872ರಲ್ಲಿ ಅಚ್ಚಾಯಿತು. ಮಲಯಾಳದ ಆ ಮಹಾಕೋಶವನ್ನು ಅಚ್ಚು ಹಾಕಿದ್ದು ಕನ್ನಡ, ತುಳುಗಳ ಊರು! ಇಪ್ಪತ್ತೆರಡು ವರ್ಷಗಳ ಬಳಿಕ, 1894ರಲ್ಲಿ, ಇದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲರ ಕನ್ನಡ ನಿಘಂಟು ಅದೇ ಊರಿನಿಂದ ಹೊರಬಂತು. 1853ರಲ್ಲಿ ಭಾರತಕ್ಕೆ ಬಂದಾಗ ಕಿಟ್ಟೆಲರಿಗೆ ಕೇವಲ 21 ವರ್ಷ.

ಮೋಗ್ಲಿಂಗರು ಪತ್ನಿಯ ಅನಾರೋಗ್ಯದ ನಿಮಿತ್ತ 1860ರಲ್ಲಿ ಸ್ವದೇಶಕ್ಕೆ ಮರಳಿ, 1881ರಲ್ಲಿ ಎಸ್ಲಿಂಗನ್‌ನಲ್ಲಿ ನಿಧನರಾದರು. ಮರುವರ್ಷವೇ ಅವರ ಜೀವನಚರಿತ್ರೆ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಅದನ್ನು ಬರೆದವರು ಬೇರೆ ಯಾರೂ ಅಲ್ಲ, ಗುಂಡರ್ಟರು. ಕನ್ನಡಕ್ಕೆ ದುಡಿದವನ ಬಾಳನ್ನು ಮಲಯಾಳಕ್ಕೆ ದುಡಿದವನು ಬರೆದ. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ನಮ್ಮ ನಾಡೇ ಕಣ್ಣ ಮುಂದೆ ಬರುತ್ತದೆ. ಅವರಿಬ್ಬರ ಕಾರ್ಯಕ್ಷೇತ್ರಗಳ ನಡುವೆ ಚಂದ್ರಗಿರಿ ಹರಿಯುತ್ತಿತ್ತು. ಆದರೆ ಅವರ ಸ್ನೇಹಕ್ಕೆ ಅದು ಗಡಿಯಾಗಲಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿದಂದಿನಿಂದ ನಾವು ಪಟ್ಟ ನೋವನ್ನು ನಾನು ಅರಿಯದವನಲ್ಲ. ಆ ನೋವು ನನ್ನದೂ ಹೌದು. ಆದರೆ ಕನ್ನಡವನ್ನು ಉಳಿಸುವುದೆಂದರೆ ಮಲಯಾಳಕ್ಕೆ ಬೆನ್ನು ತಿರುಗಿಸುವುದೆಂದು ಮಕ್ಕಳಿಗೆ ಹೇಳಲು ನನ್ನಿಂದಾಗದು. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ ಆಡುವ ಮಕ್ಕಳು ಒಟ್ಟಿಗೆ ಕುಳಿತು ಕನ್ನಡ ಕಲಿತಿದ್ದಾರೆ. ಅವರಲ್ಲಿ ಹಲವರಿಗೆ ಕನ್ನಡ ತಾಯಿಯ ಎದೆಹಾಲಿನೊಡನೆ ಬಂದದ್ದಲ್ಲ, ಈ ಶಾಲೆಯ ಬೆಂಚಿನ ಮೇಲೆ ದುಡಿದು ಗಳಿಸಿದ್ದು. ನಮ್ಮ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಹಲವು ಭಾಷೆಗಳನ್ನು ಬಲ್ಲ ಅವರು ಏಸುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ಬರೆದದ್ದು ಕನ್ನಡದಲ್ಲಿ. ಜರ್ಮನಿಯ ಕ್ರೈಸ್ತನೊಬ್ಬ ದಾಸರ ಪದಗಳನ್ನು ಅಚ್ಚು ಹಾಕಿಸಿದ ಋಣವನ್ನು ಮಂಜೇಶ್ವರದ ಕವಿಯೊಬ್ಬರು ಹೀಗೆ ತೀರಿಸಿದರೆಂದು ನಾನು ಭಾವಿಸಿಕೊಳ್ಳುತ್ತೇನೆ.

ಭಾಷೆ ಯಾರದೆಂಬ ಪ್ರಶ್ನೆಗೆ ಈ ಇಬ್ಬರು ತರುಣರ ಬಾಳಿನಿಂದ ನಾನು ಪಡೆದ ಉತ್ತರವಿಷ್ಟೆ: ಅದು ದಿನದಿನವೂ ಅದರ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳುವವರದು. ಕನ್ನಡದಲ್ಲಿ ಹುಟ್ಟಿಯೂ ಹಾಗೆ ಕುಳಿತುಕೊಳ್ಳದವನಿಗೆ ಅದು ಕೈ ತಪ್ಪುತ್ತದೆ. ಜೂನ್ ತಿಂಗಳಲ್ಲಿ ನಮ್ಮ ಹೆಬ್ಬಾಗಿಲಿಗೆ ಬಂದು ‘ಇಲ್ಲಿ ಕನ್ನಡ ಕಲಿತು ಏನು ಪ್ರಯೋಜನ?’ ಎಂದು ಕೇಳುವ ತಂದೆ ತಾಯಿಯರಿಗೆ ಇನ್ನು ಮುಂದೆ ಉತ್ತರಿಸಬೇಕಾದವರು ನನ್ನ ಕಿರಿಯ ಸಹೋದ್ಯೋಗಿಗಳು. ಅವರು ವಾದಕ್ಕಿಳಿಯದೆ ಆ ಮಗುವನ್ನು ಒಳಗೆ ಕರೆದು ಕೂರಿಸಿ, ಎರಡು ಭಾಷೆಗಳ ಅಕ್ಷರಗಳನ್ನೂ ಅಕ್ಕರೆಯಿಂದ ತಿದ್ದಿಸಲಿ ಎಂಬುದು ಈ ಹಳೆಯ ಅಧ್ಯಾಪಕನ ಪ್ರಾರ್ಥನೆ.