ಗೆದ್ದು ಮರೆಯಾದ ಕ್ರಾಂತಿರಂಗ

ರಾಮಕೃಷ್ಣ ಹೆಗಡೆಯವರು 1983ರ ಜನವರಿ 10ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದಾಗ ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅಸ್ತಿತ್ವಕ್ಕೆ ಬಂದಿತು. ಈ ಗೆಲುವಿನ ಕೀರ್ತಿ ಇಂದು ಜನತಾ ಪಕ್ಷಕ್ಕೆ ಸಲ್ಲುತ್ತಿದೆ. ಅದರಲ್ಲಿ ಸಮಪಾಲು ಬೇಡಬಹುದಾಗಿದ್ದ ಇನ್ನೊಂದು ಪಕ್ಷ ಕ್ರಾಂತಿರಂಗ. ಅದರ ಹೆಸರನ್ನು ಹೊಸ ತಲೆಮಾರು ಕೇಳಿದ್ದೇ ಅಪರೂಪ.

ಕ್ರಾಂತಿರಂಗದ ಮೂಲಪುರುಷರು ಡಿ. ದೇವರಾಜ ಅರಸು. 1972ರಲ್ಲಿ ಮುಖ್ಯಮಂತ್ರಿಯಾದ ಅವರು ಭೂಸುಧಾರಣೆ ಮತ್ತು ಹಾವನೂರು ಆಯೋಗದ ಮೂಲಕ ಗೇಣಿದಾರರಿಗೂ ಹಿಂದುಳಿದ ವರ್ಗಗಳಿಗೂ ರಾಜಕೀಯದಲ್ಲಿ ದನಿ ತಂದುಕೊಟ್ಟರು. 1978ರಲ್ಲಿ ಇಂದಿರಾ ಗಾಂಧಿಯವರಿಗೆ ಚಿಕ್ಕಮಗಳೂರಿನಿಂದ ಲೋಕಸಭೆಯ ದಾರಿ ತೆರೆದದ್ದೂ ಅರಸರ ಕರ್ನಾಟಕವೇ. ಮರುವರ್ಷವೇ ಇಬ್ಬರೂ ಬೇರೆಯಾದರು. ಶಾಸಕರಲ್ಲಿ ಬಹುಪಾಲು ಅರಸರ ಜೊತೆ ಉಳಿದರು, ಮತದಾರರು ಉಳಿಯಲಿಲ್ಲ. 1980ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಶಾಸಕರೂ ಗಾಳಿ ಬಂದತ್ತ ತೂರಿಕೊಂಡರು. ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು.

ಅಧಿಕಾರ ಕಳೆದುಕೊಂಡ ಅರಸು ದೆಹಲಿಯ ಹಂಗಿಲ್ಲದ ಪ್ರಾದೇಶಿಕ ವೇದಿಕೆಯಾಗಿ ಕ್ರಾಂತಿರಂಗವನ್ನು ಕಟ್ಟಿದರು. ಆದರೆ 1982ರ ಜೂನ್ 6ರಂದು ಅವರು ನಿಧನರಾದರು. ಅವರು ಕಟ್ಟಿದ ಪಕ್ಷ ಎಸ್. ಬಂಗಾರಪ್ಪನವರ ಕೈಸೇರಿತು. ಗೋಕಾಕ್ ಚಳವಳಿ ನಾಡನ್ನು ಬಡಿದೆಬ್ಬಿಸಿದ್ದ, ಗುಂಡೂರಾವ್ ಆಡಳಿತದ ಬಗ್ಗೆ ಅಸಮಾಧಾನ ಮಡುಗಟ್ಟಿದ್ದ ಕಾಲವದು. ಕ್ರಾಂತಿರಂಗ ಜನತಾ ಪಕ್ಷದೊಡನೆ ಕೈಜೋಡಿಸಿತು. ಜನ ಈ ಕೂಟವನ್ನು ‘ಜನತಾ ರಂಗ’ ಎಂದೇ ಕರೆದರು.

ಒಟ್ಟು 224 ಸ್ಥಾನಗಳಲ್ಲಿ ರಂಗಕ್ಕೆ 95, ಕಾಂಗ್ರೆಸ್ಸಿಗೆ 82 ದೊರೆತವು. ಸ್ವತಃ ಗುಂಡೂರಾವ್ ಸೋತರು. ಆದರೆ ಚುನಾವಣಾ ಆಯೋಗದ ಲೆಕ್ಕದಲ್ಲಿ ಆ 95 ಸ್ಥಾನಗಳೂ ಜನತಾ ಪಕ್ಷದ ಹೆಸರಿನಲ್ಲೇ ದಾಖಲಾಗಿವೆ. ಗೆದ್ದ ದಿನವೇ ಕ್ರಾಂತಿರಂಗ ಕಡತದಲ್ಲಿ ಕಾಣೆಯಾಗಿತ್ತು!

ಮುಖ್ಯಮಂತ್ರಿ ಸ್ಥಾನದ ಪ್ರಶ್ನೆ ಬಂದಾಗ ಬಂಗಾರಪ್ಪನವರ ಆಸೆ ಈಡೇರಲಿಲ್ಲ. ಆಗ ಶಾಸಕರೂ ಅಲ್ಲದಿದ್ದ ಹೆಗಡೆಯವರಿಗೆ ಪಟ್ಟ ಒಲಿಯಿತು. ಮುನಿಸಿಕೊಂಡ ಬಂಗಾರಪ್ಪ ಕಾಂಗ್ರೆಸ್ಸಿಗೆ ಮರಳಿ, 1990ರಲ್ಲಿ ಆ ಪಕ್ಷದಿಂದಲೇ ಮುಖ್ಯಮಂತ್ರಿಯಾದರು. ಇತ್ತ ಕ್ರಾಂತಿರಂಗಕ್ಕೆ ವಾರಸುದಾರರೇ ಇಲ್ಲವಾದರು.

ಅದೇ 1983ರ ಜನವರಿಯಲ್ಲಿ ನೆರೆಯ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಅವರ ತೆಲುಗು ದೇಶಂ ತನ್ನದೇ ಹೆಸರು, ತನ್ನದೇ ಚಿಹ್ನೆಯ ಮೇಲೆ ಗೆದ್ದು ಅಧಿಕಾರಕ್ಕೇರಿತು. ಆ ಪಕ್ಷ ಸ್ಥಾಪಕರ ನಂತರವೂ ಬದುಕಿತು. ಕರ್ನಾಟಕದಲ್ಲಿ ಹಾಗಾಗಲಿಲ್ಲ. ಬಂಗಾರಪ್ಪನವರು 1994ರಲ್ಲಿ ಹುಟ್ಟುಹಾಕಿದ ಕರ್ನಾಟಕ ಕಾಂಗ್ರೆಸ್ ಪಕ್ಷವಾಗಲಿ, ಬಿ.ಎಸ್. ಯಡಿಯೂರಪ್ಪನವರು 2012ರಲ್ಲಿ ಮುನ್ನಡೆಸಿದ ಕರ್ನಾಟಕ ಜನತಾ ಪಕ್ಷವಾಗಲಿ ಬಹುಕಾಲ ಬಾಳಲಿಲ್ಲ. ಇವೆಲ್ಲಕ್ಕೂ ನಾಯಕನ ಮುನಿಸೇ ಬೀಜ. ಮುನಿಸು ತೀರಿದಾಗ ಪಕ್ಷವೂ ತೀರಿತು.

ಕ್ರಾಂತಿರಂಗದ ದುರಂತ ಕೊಂಚ ಬೇರೆ. ಅರಸರು ಎಚ್ಚರಿಸಿದ ಜನವರ್ಗಗಳು ಅದರ ಬೆನ್ನಿಗಿದ್ದವು. ಆ ಬಲವನ್ನು ಊರೂರಿನ ಸಂಘಟನೆಯಾಗಿ ಮಾರ್ಪಡಿಸಲು ಅವರಿಗೆ ಆಯುಷ್ಯ ಸಾಲಲಿಲ್ಲ, ಹಿಂದೆ ಬಂದವರಿಗೆ ತಾಳ್ಮೆ ಸಾಲಲಿಲ್ಲ.