ಚಿತ್ರ ಓದಲು ಬಾರದ ಮಿಸ್ಸು

ನನ್ನ ತಂಗಿಯ ಮಗಳು ಅಮೆರಿಕದಿಂದ ಬಂದಾಗಲೆಲ್ಲ ನೆಂಟರಿಷ್ಟರಿಗೆ ಚಾಕೊಲೇಟು, ಸೋಪು, ಸೆಂಟು ಎಂದು ಏನಾದರೂ ತರುತ್ತಾಳೆ. ಒಂದು ಸಲ ನನ್ನ ಕೈಗೆ ಎರಡು ಅಗಲವಾದ, ತೆಳ್ಳಗಿನ ಪುಸ್ತಕಗಳನ್ನು ಕೊಟ್ಟು, "ದೊಡ್ಡಮ್ಮ, ಇದು ನಿಮ್ಮ ಸ್ಕೂಲಿನ ಮಕ್ಕಳಿಗೆ" ಎಂದಳು. ತಿರುವಿ ನೋಡಿದೆ. ಪುಟಕ್ಕೆ ಒಂದೋ ಎರಡೋ ಸಾಲು, ಮಿಕ್ಕಿದ್ದೆಲ್ಲ ಚಿತ್ರ. ಸುಳ್ಳೇಕೆ ಹೇಳಲಿ, ಒಳಗೊಳಗೇ ಸ್ವಲ್ಪ ನಿರಾಸೆಯಾಯಿತು. ಇಷ್ಟು ದುಡ್ಡು ಕೊಟ್ಟು ಇಷ್ಟೇ ಅಕ್ಷರವೇ ಅನ್ನಿಸಿತು. ಮೇಷ್ಟರ ಬುದ್ಧಿ ಎಂದರೆ ಹಾಗೆಯೇ. ಅಕ್ಷರವನ್ನು ತೂಕ ಹಾಕುತ್ತದೆ.

ಆ ಎರಡು ಪುಸ್ತಕಗಳ ರಟ್ಟಿನ ಮೇಲೂ ಚಿನ್ನದ ಬಣ್ಣದ ದುಂಡನೆಯ ಮುದ್ರೆಯಿತ್ತು. ಕುದುರೆ ಸವಾರನೊಬ್ಬನ ಚಿತ್ರ ಅದರಲ್ಲಿ. ಮಾಲೂರು ತಾಲ್ಲೂಕಿನ ನನ್ನ ಶಾಲೆಗೆ ತೆಗೆದುಕೊಂಡು ಹೋದಾಗ ಮಕ್ಕಳು ಮೊದಲು ಮುಟ್ಟಿದ್ದೇ ಅದನ್ನು. "ಮಿಸ್, ಇದು ನಿಜವಾದ ಚಿನ್ನಾನಾ?" ಎಂದು ಒಬ್ಬ ಕೇಳಿದ. ಕೋಲಾರ ಜಿಲ್ಲೆಯ ಮಕ್ಕಳಲ್ಲವೇ! ಗಣಿ 2001ರಲ್ಲೇ ಮುಚ್ಚಿದರೂ ಚಿನ್ನದ ಮಾತು ನಮ್ಮ ನೀರಿನಲ್ಲಿಯೇ ಇದೆ. ಚಿನ್ನವಲ್ಲ ಕಣೋ, ಬಹುಮಾನದ ಗುರುತು ಎಂದೆ. "ಕಥೆ ಬರೆದೋರಿಗಾ?" ಎಂದ. "ಅಲ್ಲ, ಚಿತ್ರ ಬರೆದೋರಿಗೆ" ಎಂದೆ. ಹಾಗೆಂದು ಹೇಳಿದ ಮೇಲೆ ನನಗೇ ಅದು ಹೊಸ ಸಂಗತಿಯ ಹಾಗೆ ಕೇಳಿಸಿತು. ಚಿತ್ರ ಬರೆದವರಿಗೂ ಬಹುಮಾನವೇ?

ಆ ಬಹುಮಾನದ ಹೆಸರು ಕ್ಯಾಲ್ಡೆಕಾಟ್ ಪದಕ. ರ‍್ಯಾಂಡಾಲ್ಫ್ ಕ್ಯಾಲ್ಡೆಕಾಟ್ 1846ರಲ್ಲಿ ಹುಟ್ಟಿದ ಇಂಗ್ಲೆಂಡಿನವನು, ಮೊದಲು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ. ಲೆಕ್ಕದ ಪುಸ್ತಕ ಬಿಟ್ಟು ಚಿತ್ರಕ್ಕೆ ಇಳಿದ. 1878ರಿಂದ ಎಡ್ಮಂಡ್ ಇವಾನ್ಸ್ ಎಂಬ ಮುದ್ರಕನ ಜೊತೆ ಸೇರಿ ಮಕ್ಕಳಿಗಾಗಿ ಬಣ್ಣದ ಚಿತ್ರಪುಸ್ತಕಗಳನ್ನು ತಂದ. ಪದಕದ ಮೇಲಿರುವ ಸವಾರ ಅವನೇ ಬರೆದ ಜಾನ್ ಗಿಲ್ಪಿನ್. ಕುದುರೆ ಹತೋಟಿ ತಪ್ಪಿ ಓಡುತ್ತಿದೆ, ಪಾಪ ಗಿಲ್ಪಿನ್ ಜೋತುಬಿದ್ದಿದ್ದಾನೆ. ಕ್ಯಾಲ್ಡೆಕಾಟ್ ನಲವತ್ತು ತುಂಬುವ ಮೊದಲೇ, 1886ರಲ್ಲಿ ತೀರಿಕೊಂಡ. ಅಮೆರಿಕದ ಗ್ರಂಥಾಲಯ ಸಂಘದವರು ಅವನ ಹೆಸರಿನಲ್ಲಿ 1938ರಿಂದ ವರ್ಷಕ್ಕೊಬ್ಬ ಚಿತ್ರಕಾರರಿಗೆ ಪದಕ ಕೊಡುತ್ತ ಬಂದಿದ್ದಾರೆ. ಅಲ್ಲಿಯ ಪ್ರಜೆಯೋ ನಿವಾಸಿಯೋ ಆಗಿರಬೇಕು, ಪುಸ್ತಕ ಅಲ್ಲಿಯೇ ಅಚ್ಚಾಗಬೇಕು ಎಂಬ ನಿಯಮ. ನಮ್ಮವರಿಗೆ ಬರುವ ಹಾಗಿಲ್ಲ, ಬಿಡಿ.

ನಮ್ಮವರು ಎಂದಾಗ ನನಗೆ ನೆನಪಾಗುವುದು ಶ್ರೀನಿವಾಸಪುರದ ನಮ್ಮ ಮನೆ ಮತ್ತು ಮುಳಬಾಗಿಲಿನ ಅವ್ವನ ಮನೆ. ಅವ್ವ ಎಂದರೆ ಅಮ್ಮನ ತಾಯಿ. ನಮ್ಮ ಕಡೆಯ ಎಷ್ಟೋ ಮನೆಗಳಂತೆ ಅಲ್ಲಿ ಆಡುವುದು ತೆಲುಗು, ಕಲಿಯುವುದು ಕನ್ನಡ. ನಮ್ಮ ತಂದೆ ಕನ್ನಡ 'ಚಂದಮಾಮ' ತರಿಸುತ್ತಿದ್ದರು. ಮುಳಬಾಗಿಲಿನ ಮಾವನಿಗೆ ತೆಲುಗು 'ಚಂದಮಾಮ'. ಮದ್ರಾಸಿನಲ್ಲಿ ನಾಗಿರೆಡ್ಡಿಯವರೂ ಚಕ್ರಪಾಣಿಯವರೂ 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುಮಾಡಿದ ಪತ್ರಿಕೆ ಅದು. ಕನ್ನಡಕ್ಕೆ 1949ರಲ್ಲಿ ಬಂತು. ಮಾವಿನ ಕಾಲಕ್ಕೆ, ಬೇಸಿಗೆ ರಜೆಯಲ್ಲಿ, ಶ್ರೀನಿವಾಸಪುರದ ಒಂದು ಬುಟ್ಟಿ ಹಣ್ಣಿನ ಜೊತೆ ನಮ್ಮ ಚಂದಮಾಮಗಳನ್ನೂ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆವು. ಅವ್ವನ ಮನೆಯ ಜಗುಲಿಯ ಮೇಲೆ ಎರಡು ಭಾಷೆಯ ಸಂಚಿಕೆಗಳನ್ನು ಪಕ್ಕಪಕ್ಕ ಹರಡಿದರೆ ಚಿತ್ರ ಅದೇ, ಪುಟದಲ್ಲಿ ಅದು ಕೂತ ಜಾಗವೂ ಅದೇ. ಸುತ್ತಲಿನ ಅಕ್ಷರ ಮಾತ್ರ ಬೇರೆ. ನಾನು ತೆಲುಗು ಅಕ್ಷರ ಕಲಿತದ್ದು ಹೀಗೆ, ಚಿತ್ರವನ್ನು ನಡುವೆ ಇಟ್ಟುಕೊಂಡು.

ಅವ್ವನಿಗೆ ಎರಡೂ ಬರುತ್ತಿರಲಿಲ್ಲ. ಹೆಬ್ಬೆಟ್ಟು. ಆದರೆ ಪತ್ರಿಕೆ ಬಂದ ದಿನ ಕನ್ನಡಕ ಹಾಕಿಕೊಂಡು ಮೊದಲು ಕೂರುತ್ತಿದ್ದವಳು ಅವಳೇ. ಬೇತಾಳ ಕಥೆಯ ಆ ಚಿತ್ರ ನಿಮಗೂ ನೆನಪಿರಬೇಕು. ಸುಡುಗಾಡು, ಕೈಯಲ್ಲಿ ಬಿಚ್ಚುಗತ್ತಿ, ಹೆಗಲ ಮೇಲೆ ಹೆಣ ಹೊತ್ತು ನಡೆಯುವ ವಿಕ್ರಮ. ನಾವು ಹುಡುಗರು ನೋಡುತ್ತಿದ್ದದ್ದು ಹೆಣವನ್ನು. ಅವ್ವ ಬೆರಳಿಟ್ಟು ತೋರಿಸುತ್ತಿದ್ದದ್ದು ರಾಜನ ಪಾದವನ್ನು. ಹೆದರಿದವನು ಹಾಗೆ ಕಾಲಿಡುವುದಿಲ್ಲ, ನೋಡೇ, ಎನ್ನುತ್ತಿದ್ದಳು ತೆಲುಗಿನಲ್ಲಿ. ನನಗೆ ಆಗ ಅದು ಮುದುಕಿಯ ಮಾತು. ಮುಂದೇನಾಯಿತು ಎಂದು ತಿಳಿಯುವ ಅವಸರದಲ್ಲಿ ಪುಟ ಮಗುಚುತ್ತಿದ್ದೆ.

ಆ ಪಾದವನ್ನು ಬರೆದವರು ಕೆ.ಸಿ. ಶಿವಶಂಕರ್. ಪತ್ರಿಕೆಯಲ್ಲಿ ಅವರ ಸಹಿ 'ಶಂಕರ್' ಎಂದಷ್ಟೇ ಇರುತ್ತಿತ್ತು. 1924ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದವರು, ಮದ್ರಾಸಿನ ಕಲಾಶಾಲೆಯಲ್ಲಿ ಕಲಿತು 1950ರ ದಶಕದ ಆರಂಭದಲ್ಲಿ ಚಂದಮಾಮ ಸೇರಿದರು. ಅದೇ ಪತ್ರಿಕೆಯಲ್ಲಿ 'ಚಿತ್ರಾ' ಎಂದು ಸಹಿ ಮಾಡುತ್ತಿದ್ದ ಟಿ.ವಿ. ರಾಘವನ್ ಯಾವ ಕಲಾಶಾಲೆಯನ್ನೂ ಕಂಡವರಲ್ಲ, ತಾವೇ ಕಲಿತವರು. ಮುಖಪುಟಕ್ಕೆ ವಡ್ಡಾದಿ ಪಾಪಯ್ಯ. ನಮ್ಮ ಕನ್ನಡಿಗರೇ ಆದ ಎಂ.ಟಿ.ವಿ. ಆಚಾರ್ಯರು ಮಹಾಭಾರತದ ಮುಖಪುಟಗಳನ್ನು ಬರೆದರು. ಆಮೇಲೆ ಬೆಂಗಳೂರಿನಿಂದ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಹಳ್ಳಿಗಾಡಿನ ಎಷ್ಟೋ ಹುಡುಗರು ಪೋಸ್ಟ್‌ಮ್ಯಾನ್ ತಂದ ಪಾಠ ನೋಡಿ ಪೆನ್ಸಿಲ್ ಹಿಡಿದರು. ಇವರೆಲ್ಲರ ಕೈ ನಮ್ಮ ತಲೆಯೊಳಗೆ ಕೂತಿದೆ. ಈಗಲೂ ದ್ರೌಪದಿ ಎಂದರೆ, ಭೀಮ ಎಂದರೆ ಕಣ್ಣಿಗೆ ಬರುವುದು ಅವರು ಕೊಟ್ಟ ಮುಖವೇ. ಆದರೆ ಅವರ ಹೆಸರು ಹೇಳು ಎಂದು ಯಾರಾದರೂ ನನ್ನನ್ನು ಇಪ್ಪತ್ತು ವರ್ಷದ ಹಿಂದೆ ಕೇಳಿದ್ದರೆ ಬಾಯಿ ಬಿಡುತ್ತಿದ್ದೆ.

ತಂದೆ ವರ್ಷಕ್ಕೆ ಹನ್ನೆರಡು ಸಂಚಿಕೆ ಸೇರಿಸಿ ಕೋಲಾರದಲ್ಲಿ ಹೊಲಿಸಿ, ರಟ್ಟು ಹಾಕಿಸಿ ಇಟ್ಟಿದ್ದರು. ಅವರು ಹೋದ ಮೇಲೆ ಮನೆ ಮಾರುವ ಹೊತ್ತಿಗೆ ತಮ್ಮ ಫೋನು ಮಾಡಿ, "ಅಕ್ಕಾ, ಚಂದಮಾಮದ ಬೈಂಡುಗಳು ಬೇಕಾ?" ಎಂದು ಕೇಳಿದ. ನನ್ನ ಮುಂದೆ ತಿದ್ದಬೇಕಾದ ಪರೀಕ್ಷೆಯ ಕಟ್ಟು ಇತ್ತು. "ಅದೆಲ್ಲ ಇಡೋಕೆ ನಮ್ಮನೇಲಿ ಜಾಗ ಎಲ್ಲಿದೆಯೋ, ಬರೀ ಚಿತ್ರದ ಪುಸ್ತಕ, ತೂಕಕ್ಕೆ ಹಾಕಿಬಿಡು" ಎಂದುಬಿಟ್ಟೆ. ಅವನು ಹಾಕಿಬಿಟ್ಟ. ಚಂದಮಾಮವೂ 1998ರಲ್ಲಿ ಒಮ್ಮೆ ನಿಂತು, ಮರುವರ್ಷ ಚೇತರಿಸಿಕೊಂಡು, 2013ರ ಹೊತ್ತಿಗೆ ಪೂರ್ತಿಯಾಗಿ ನಿಂತುಹೋಯಿತು. ಶಂಕರ್ 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಪದ್ಮಶ್ರೀ ಬಂತು. ತೊಂಬತ್ತಾರು ವರ್ಷ ಬದುಕಿದ್ದ ಮನುಷ್ಯನಿಗೆ ಸತ್ತ ಮೇಲೆ! ಆ ಸುದ್ದಿ ಓದಿದ ದಿನ ನನಗೆ ಮೊದಲು ನೆನಪಾದದ್ದು ಪದ್ಮಶ್ರೀಯಲ್ಲ, ಫೋನಿನಲ್ಲಿ ನಾನೇ ಆಡಿದ 'ಬರೀ ಚಿತ್ರದ ಪುಸ್ತಕ' ಎಂಬ ಮಾತು.

ಮಕ್ಕಳ ಪುಸ್ತಕದಲ್ಲಿ ಚಿತ್ರ ಒಂದು ಅಲಂಕಾರ, ಜಡೆಗೆ ಕುಚ್ಚು ಕಟ್ಟಿದ ಹಾಗೆ ಎಂದು ತಿಳಿದವರು ನಮ್ಮಲ್ಲಿ ಹೆಚ್ಚು. ಯುರೋಪಿನಲ್ಲಿ ಕೊಮೇನಿಯಸ್ ಎಂಬ ಉಪಾಧ್ಯಾಯ 1658ರಲ್ಲೇ ಚಿತ್ರದ ಮೂಲಕ ಮಾತು ಕಲಿಸುವ ಪುಸ್ತಕ ಮಾಡಿದ, ಬಿ.ಎಡ್.ನಲ್ಲಿ ಅವನ ಹೆಸರನ್ನು ನಾವು ಎರಡು ಅಂಕಕ್ಕೆ ಉರು ಹೊಡೆದವರೇ. ಕನ್ನಡದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟ ತಂದರು. ಚಿತ್ರಕ್ಕೆ ಬ್ಲಾಕು ಮಾಡಿಸಬೇಕಾಗಿದ್ದ ಕಾಲ ಅದು, ಒಂದೊಂದು ಚಿತ್ರವೂ ದುಡ್ಡಿನ ಬಾಬು. 1957ರಲ್ಲಿ ದೆಹಲಿಯಲ್ಲಿ ನ್ಯಾಷನಲ್ ಬುಕ್ ಟ್ರಸ್ಟೂ, ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೆಯವರ ಚಿಲ್ಡ್ರನ್ಸ್ ಬುಕ್ ಟ್ರಸ್ಟೂ ಹುಟ್ಟಿದವು. ಮಿಕಿ ಪಟೇಲ್ ಅಂಥವರ ಚಿತ್ರಗಳು ಅಗ್ಗದ ಬೆಲೆಗೆ ನಮ್ಮ ಶಾಲೆಗಳವರೆಗೂ ಬಂದದ್ದು ನ್ಯಾಷನಲ್ ಬುಕ್ ಟ್ರಸ್ಟಿನಿಂದ. ಬಂದವು ಎಂದರೆ ಬೀರುವಿನವರೆಗೆ ಬಂದವು. ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಆ ಬೀರುವಿಗೆ ಬೀಗ. ಪುಸ್ತಕ ಹರಿದರೆ ಯಾರ ಸಂಬಳದಲ್ಲಿ ಹಿಡಿಯುತ್ತಾರೋ ಎಂಬ ಭಯ. ಹೊಸತಾಗಿಯೇ ಹಳತಾದ ಪುಸ್ತಕಗಳು ಅವು. ಹುಳುಗಳು ಮಾತ್ರ ಓದಿದವು. ಬೀಗದ ಕೈ ಹಲವು ವರ್ಷ ನನ್ನ ಬಳಿಯೂ ಇತ್ತು ಎಂಬುದನ್ನು ಇಲ್ಲಿ ಸೇರಿಸಲೇಬೇಕು.

ಈಗ ಆ ಎರಡು ಪುಸ್ತಕಗಳ ಮಾತಿಗೆ ಬರುತ್ತೇನೆ. ಒಂದು, ಮಾರಿಸ್ ಸೆಂಡಾಕ್ ಬರೆದ 'ವೇರ್ ದಿ ವೈಲ್ಡ್ ಥಿಂಗ್ಸ್ ಆರ್', 1964ರಲ್ಲಿ ಪದಕ ಪಡೆದದ್ದು. ತುಂಟ ಹುಡುಗ ಮ್ಯಾಕ್ಸ್ ತೋಳನ ವೇಷ ಹಾಕಿಕೊಂಡು ರಂಪ ಮಾಡುತ್ತಾನೆ. ಅಮ್ಮ ಊಟ ಕೊಡದೆ ಮಲಗಲು ಕಳಿಸುತ್ತಾಳೆ. ಅವನ ಕೋಣೆಯಲ್ಲೇ ಕಾಡು ಬೆಳೆಯುತ್ತದೆ, ದೋಣಿ ಬರುತ್ತದೆ, ಭೂತಗಳ ನಾಡಿಗೆ ಹೋಗಿ ಅವನು ರಾಜನಾಗುತ್ತಾನೆ. ಮನೆಯಲ್ಲಿ ಮೂರು ಸಲ ಓದಿ, ಅರ್ಥ ಬರೆದುಕೊಂಡು, ಕನ್ನಡದಲ್ಲಿ ಹೇಳಲು ತಯಾರಾಗಿ ಹೋಗಿದ್ದೆ.

ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವರ ಮಗ. ಒತ್ತಕ್ಷರ ಬಂದರೆ ತಡವರಿಸಿ ನಿಂತುಬಿಡುತ್ತಿದ್ದ. ನೋಟ್‌ಬುಕ್ಕಿನ ಅಂಚಿನಲ್ಲೆಲ್ಲ ಲಾರಿ, ನಾಯಿ, ಹೊಗೆ ಬಿಡುವ ಗೂಡು ಬರೆಯುತ್ತಿದ್ದನೆಂದು ನಾನೇ ಎರಡು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆ. ನಾನು ಕಥೆ ಹೇಳುತ್ತ ಪುಟ ಮಗುಚುತ್ತಿದ್ದಾಗ ಅವನು ಎದ್ದು ನಿಂತು, "ಮಿಸ್, ಚಿತ್ರ ದೊಡ್ಡದಾಗ್ತಾ ಇದೆ" ಎಂದ. ಏನೋ ಅದು ಎಂದು ಗದರಿದೆ. ಅವನು ಮುಂದೆ ಬಂದು ತಾನೇ ಪುಟಗಳನ್ನು ಹಿಂದಕ್ಕೆ ತಿರುವಿ ತೋರಿಸಿದ. ಮೊದಲ ಚಿತ್ರ ಬಿಳಿಯ ಹಾಳೆಯ ನಡುವೆ ಚಿಕ್ಕದಾಗಿ ಕೂತಿದೆ. ಮುಂದಿನದು ಅದಕ್ಕಿಂತ ದೊಡ್ಡದು. ಕೋಣೆ ಕಾಡಾಗುವ ಹೊತ್ತಿಗೆ ಪುಟ ತುಂಬಿದೆ, ಆಮೇಲೆ ಪಕ್ಕದ ಪುಟಕ್ಕೂ ಚಾಚಿದೆ. ಭೂತಗಳ ಕುಣಿತ ಬಂದಾಗ ಒಂದರ ಹಿಂದೊಂದು ಮೂರು ಜೋಡಿಪುಟ ಬರೀ ಚಿತ್ರ, ಒಂದಕ್ಷರವೂ ಇಲ್ಲ. ಮನೆಗೆ ಮರಳುವಾಗ ಮತ್ತೆ ಅಕ್ಷರಕ್ಕೆ ಜಾಗ ಬಿಟ್ಟುಕೊಡುತ್ತ ಬರುತ್ತದೆ. ಊಟ ಇನ್ನೂ ಬಿಸಿಯಾಗಿತ್ತು ಎಂಬ ಕೊನೆಯ ಮಾತಿಗೆ ಚಿತ್ರವೇ ಇಲ್ಲ.

ಮೂರು ಸಲ ಓದಿದ ನನಗೆ ಇದು ಕಂಡಿರಲಿಲ್ಲ. ಕಣ್ಣಿದ್ದದ್ದು ಸಾಲುಗಳ ಮೇಲೆ. "ನಿನಗೆ ಹೇಗೋ ಗೊತ್ತಾಯ್ತು?" ಎಂದೆ. "ಮಿಸ್, ಅವನಿಗೆ ಸಿಟ್ಟು ಜಾಸ್ತಿಯಾಗ್ತಾ ಇದೆಯಲ್ಲ, ಜಾಗ ಸಾಲಲ್ಲ" ಎಂದ. ಅವ್ವನ ಬೆರಳು ನನಗೆ ಆಗಲೇ ನೆನಪಾದದ್ದು.

ಇನ್ನೊಂದು ಪುಸ್ತಕ 'ದಿ ಸ್ನೋಯಿ ಡೇ', ಎಜ್ರಾ ಜ್ಯಾಕ್ ಕೀಟ್ಸ್ ಅವರದು, 1963ರ ಪದಕ. ಕೆಂಪು ಉಡುಪಿನ ಕರಿಯ ಹುಡುಗ ಪೀಟರ್ ಹಿಮದಲ್ಲಿ ಆಡುತ್ತಾನೆ, ಅಷ್ಟೇ ಕಥೆ. ಬಣ್ಣದ ಕಾಗದಗಳನ್ನು ಕತ್ತರಿಸಿ ಅಂಟಿಸಿ ಮಾಡಿದ ಚಿತ್ರಗಳು. ಅಲ್ಲಿಯ ಪುಸ್ತಕಗಳಲ್ಲಿ ಕರಿಯ ಮಕ್ಕಳು ಕಾಣುವುದೇ ಅಪರೂಪವಾಗಿದ್ದ ದಿನಗಳಲ್ಲಿ ಅವನೊಬ್ಬ ಸುಮ್ಮನೆ ಆಡುವ ಹುಡುಗನಾಗಿ ಬಂದ. ನಮ್ಮ ಮಕ್ಕಳು ಹಿಮ ಕಂಡವರಲ್ಲ; "ಇಷ್ಟೊಂದು ಸುಣ್ಣ ಯಾರು ಚೆಲ್ಲಿದ್ದು?" ಎಂದಳು ಒಬ್ಬಳು. ಆದರೆ ಹೆಜ್ಜೆ ಗುರುತು ನೋಡಿ, ಮಳೆ ಬಂದ ಮಾರನೆಯ ದಿನ ಕೆಂಪುಮಣ್ಣಿನಲ್ಲಿ ತಾವೂ ಹಾಗೆಯೇ ನಡೆಯುವುದಾಗಿ ಹೇಳಿದರು. ಪುಸ್ತಕ ಅವರದಾಯಿತು.

ಬಹುಮಾನ ಬಂದದ್ದೆಲ್ಲ ಉತ್ತಮ ಎಂದು ನಾನು ಒಪ್ಪುವವಳಲ್ಲ. ಹಾಗಿದ್ದರೂ ಬಹುಮಾನಗಳಿಂದ ಒಂದು ಲಾಭವಿದೆ, ಹೆಸರು ತಿಳಿಯುತ್ತದೆ. ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ 1967ರಿಂದ ಎರಡು ವರ್ಷಕ್ಕೊಮ್ಮೆ ಮಕ್ಕಳ ಪುಸ್ತಕದ ಚಿತ್ರಗಳದೇ ಒಂದು ದೊಡ್ಡ ಪ್ರದರ್ಶನ ನಡೆಯುತ್ತದೆ. 1999ರಲ್ಲಿ ಅಲ್ಲಿ ನಮ್ಮ ಪುಲಕ್ ಬಿಸ್ವಾಸ್ ಅವರಿಗೆ ಫಲಕ ಬಂತು, ಚೆನ್ನೈನ ತಾರಾ ಬುಕ್ಸ್ ತಂದ 'ಟೈಗರ್ ಆನ್ ಎ ಟ್ರೀ' ಪುಸ್ತಕಕ್ಕೆ. ಕಪ್ಪು ಮತ್ತು ಕಿತ್ತಳೆ, ಎರಡೇ ಬಣ್ಣದಲ್ಲಿ ಹುಲಿ ಅಡ್ಡಾಡುತ್ತದೆ. 2008ರಲ್ಲಿ ಅದೇ ಪ್ರಕಾಶಕರ 'ದಿ ನೈಟ್ ಲೈಫ್ ಆಫ್ ಟ್ರೀಸ್' ಇಟಲಿಯ ಬೊಲೋನಾದಲ್ಲಿ ಬಹುಮಾನ ಪಡೆಯಿತು. ಮಧ್ಯಪ್ರದೇಶದ ಗೊಂಡರಾದ ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ ಬರೆದದ್ದು. ಕೈಯಲ್ಲಿ ಮಾಡಿದ ಕಪ್ಪು ಕಾಗದದ ಮೇಲೆ ಪುಟಪುಟವನ್ನೂ ಕೈಯಿಂದಲೇ ಅಚ್ಚು ಹಾಕಿದ್ದು. ಬೆಂಗಳೂರಿನ ಪುಸ್ತಕ ಪ್ರದರ್ಶನವೊಂದರಲ್ಲಿ ಅದನ್ನು ಮುಟ್ಟಿ ನೋಡಿದ್ದೇನೆ. ಬೆಲೆ ಕೇಳಿ ಇಟ್ಟುಬಿಟ್ಟೆ, ಆದರೆ ಬಣ್ಣದ ಉಬ್ಬು ಬೆರಳಿಗೆ ತಾಗಿದ್ದು ಇನ್ನೂ ನೆನಪಿದೆ. ನಮ್ಮ ಸಾಹಿತ್ಯ ಅಕಾಡೆಮಿಯವರೂ 2010ರಿಂದ ಮಕ್ಕಳ ಸಾಹಿತ್ಯಕ್ಕೆ ಪುರಸ್ಕಾರ ಕೊಡುತ್ತಿದ್ದಾರೆ, ಕನ್ನಡಕ್ಕೂ ಇದೆ, ಅದು ಲೇಖಕರಿಗೆ. ಮಾಸ್ತಿಯವರ, ಡಿ.ವಿ.ಜಿ.ಯವರ ಜಿಲ್ಲೆ ನಮ್ಮದು, ಬರೆದವರ ಹೆಸರನ್ನು ನಾವು ಮರೆಯುವುದಿಲ್ಲ. ಚಿತ್ರ ಬರೆದವರ ಹೆಸರನ್ನು ನೆನಪಿಡಲು ಕಲಿಯುವುದೇ ಇಲ್ಲ.

ಆಮೇಲೆ ನಮ್ಮ ಶಾಲೆಯ ಬೀರು ತೆಗೆಸಿದೆ. ಶನಿವಾರ ಕೊನೆಯ ಪಿರಿಯಡ್ಡು ಪುಸ್ತಕ ಹರಡಿ ಕೂರುವುದು. ಓದುವ ಹಾಗಿಲ್ಲ, ಮೊದಲು ನೋಡಬೇಕು ಎಂದು ನಿಯಮ. ಯಾರು ಯಾರ ಕಡೆ ನೋಡುತ್ತಿದ್ದಾರೆ, ಬೆಳಕು ಎಲ್ಲಿಂದ ಬರುತ್ತಿದೆ, ಮೂಲೆಯಲ್ಲಿ ಏನಿದೆ, ಕಥೆಯಲ್ಲಿ ಹೇಳದ್ದು ಚಿತ್ರದಲ್ಲಿ ಏನು ಬಂದಿದೆ ಎಂದು ಕೇಳುತ್ತೇನೆ. ಎಷ್ಟೋ ಸಲ ಉತ್ತರ ನನಗೂ ಗೊತ್ತಿರುವುದಿಲ್ಲ. ನಾಲ್ಕು ಪುಸ್ತಕ ಹರಿದವು. ಸ್ಟಾಕ್ ರಿಜಿಸ್ಟರಿನಲ್ಲಿ 'ಹರಿದದ್ದು' ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದೆ. ಯಾರೂ ಸಂಬಳ ಹಿಡಿಯಲಿಲ್ಲ. ಪೀಟರನ ಹಿಮದ ಮೇಲೆ ಒಂದು ಹೆಬ್ಬೆರಳಿನ ಮಣ್ಣಿನ ಗುರುತು ಉಳಿದುಕೊಂಡಿದೆ.

ಒಂದು ಶನಿವಾರ ಆ ಹುಡುಗ ಕನ್ನಡ ಪಠ್ಯಪುಸ್ತಕ ಹಿಡಿದುಕೊಂಡು ಬಂದ. "ಮಿಸ್, ಇದರ ಚಿತ್ರ ಯಾರು ಬರೆದಿದ್ದು? ಅವರ ಹೆಸರಿಲ್ವಾ?" ಇರುತ್ತದೆ, ನಾನೂ ಯಾವತ್ತೂ ನೋಡಿರಲಿಲ್ಲ. ಮುನ್ನುಡಿಯ ಹತ್ತಿರದ ಪುಟಗಳಲ್ಲಿ, ಸಮಿತಿಯ ಅಧ್ಯಕ್ಷರು, ಸದಸ್ಯರು, ಪರಿಶೀಲಕರು ಎಲ್ಲರೂ ಆದ ಮೇಲೆ 'ಕಲಾವಿದರು' ಎಂದು ಒಂದು ಸಾಲು ಸಿಕ್ಕಿತು. ತೋರಿಸಿದೆ. ಹೆಸರಿನಲ್ಲಿ ಎರಡು ಒತ್ತಕ್ಷರಗಳಿದ್ದವು. ಅವನು ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದ, ಮೊದಲನೆಯ ಒತ್ತಿನಲ್ಲಿ ನಿಂತ, ಮತ್ತೆ ಹಿಂದಿನಿಂದ ಶುರುಮಾಡಿದ. ಅಷ್ಟರಲ್ಲಿ ಬೆಲ್ಲಾಯಿತು, ಮಿಕ್ಕ ಮಕ್ಕಳು ಚೀಲ ಎತ್ತಿಕೊಂಡು ಓಡಿದರು. ಅವನಿನ್ನೂ ಓದುತ್ತಿದ್ದ. ನಾನು ಹೇಳಿಕೊಡಲಿಲ್ಲ, ಕೀಲಿ ಕೈ ಮೇಜಿನ ಮೇಲಿಟ್ಟು ಕೂತೆ.