ಒಪ್ಪಿಗೆ

ದ್ರಾವಿಡ ಧಾತು ‘ಒಪ್ಪು’. ತಮಿಳು, ತೆಲುಗಿನಲ್ಲೂ ಇದೆ. ಹೊಂದು, ಸೊಗಸಾಗಿ ಕಾಣು ಎಂಬುದೂ ಅದರ ಅರ್ಥ. ಶಾಸನಗಳಲ್ಲಿ ‘ಒಪ್ಪ’ ಎಂದರೆ ರುಜು: ವಿಜಯನಗರದ ಅರಸರದು ‘ಶ್ರೀ ವಿರೂಪಾಕ್ಷ’. ವೀಳ್ಯದೆಲೆಗೆ ಹೆಸರಾದ ಸವಣೂರಿನಲ್ಲಿ ಎಲೆ-ಅಡಿಕೆ ಕೈಬದಲಾದರೆ ಸಂಬಂಧಕ್ಕೆ ಒಪ್ಪಿಗೆ ಬಿತ್ತೆಂದೇ ಲೆಕ್ಕ. ಅಂಗಡಿಯಲ್ಲಿ ಬಿಲ್ ಮಾಡುವಾಗ ಮಾತ್ರ ‘ನಂಬರ್ ಹೇಳ್ರಿ’ ಅಂದ ಕೂಡಲೇ ಹತ್ತೂ ಅಂಕಿ ಒಪ್ಪಿಸಿಬಿಡುತ್ತೇವೆ. ಯಾಕೆ ಬೇಕೆಂದು ಕೇಳಲೇಬೇಕು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ, ಒಪ್ಪಿಗೆಯನ್ನು ಉದ್ದೇಶ ತಿಳಿಸಿಯೇ ಪಡೆಯಬೇಕು; ಕೊಟ್ಟಷ್ಟೇ ಸಲೀಸಾಗಿ ಹಿಂಪಡೆಯಲು ಬರಬೇಕು. ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲೇ ಓದುವ ಆಯ್ಕೆಯೂ ಆ ಕಾಯ್ದೆಯಲ್ಲಿದೆ.